ಅಜ್ಜಿ ಹಿಡಿದ ಪಕ್ಷ

ಸಂಜೆ ಏಳಕ್ಕೆ ಊಟ. ಏಳೂವರೆಗೆ ತಟ್ಟೆ ತೊಳೆದಿಟ್ಟು ಮೇಜು ಒರೆಸುವುದು. ಏಳು ಮುಕ್ಕಾಲಿಗೆ ವಾದ. ಒಂಬತ್ತಕ್ಕೆ, ಗೆದ್ದವರು ಯಾರೇ ಆಗಿರಲಿ, ದೀಪ ಆರಿಸಿ ಮಲಗುವುದು. ಏಕೆಂದರೆ ಬೆಳಗಿನ ಮೊದಲ ಬಸ್ಸನ್ನು ಅಪ್ಪ ಓಡಿಸಬೇಕಿತ್ತು. ಚಳಿ ಶುರುವಾದಾಗಿನಿಂದ ಬಿಸಿಲು ಬಲಿಯುವವರೆಗೆ ಆ ಮನೆಯಲ್ಲಿ ಈ ಕ್ರಮ ತಪ್ಪಲಿಲ್ಲ.

ವಾದವೆಂದರೆ ಜಗಳವಲ್ಲ, ಅಥವಾ ಜಗಳವೇ ಎನ್ನಿ, ಆದರೆ ನಿಯಮಕ್ಕೆ ಒಳಪಟ್ಟ ಜಗಳ. ಮನೆಯ ಹಿರಿಮಗಳು ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ತಯಾರಾಗುತ್ತಿದ್ದಳು. ಎರಡು ಸಲ ಬರೆದಿದ್ದಳು. ಎರಡು ಸಲವೂ ತರ್ಕದ ಭಾಗದಲ್ಲಿ ಮುಗ್ಗರಿಸಿದ್ದಳು. ಮೂರಕ್ಕಿಂತ ಹೆಚ್ಚು ಸಲ ಬರೆಯಲು ಬಿಡುವುದಿಲ್ಲವೆಂಬುದು ಕಾಲೇಜಿನ ನಿಯಮ. ಈ ಸಲ ದಡ ಮುಟ್ಟಿದರೆ ಮುಟ್ಟಿದಂತೆ. ಇಲ್ಲವಾದರೆ ಆ ಬಾಗಿಲು ಅವಳ ಪಾಲಿಗೆ ಮುಚ್ಚಿದಂತೆ.

ಅವಳಿಗೆ ಮನೆಯಲ್ಲಿ ಸೂಜಿ ಎಂದು ಹೆಸರು. ಚಿಕ್ಕವಳಿದ್ದಾಗ ಯಾರು ಯಾವ ಕಥೆ ಹೇಳಿದರೂ ಅದರಲ್ಲೊಂದು ತೂತು ಮಾಡಿಯೇ ಬಿಡುತ್ತಿದ್ದಳೆಂದು ಅಜ್ಜಿ ಇಟ್ಟ ಹೆಸರು ಅದು. ರಸಾಯನಶಾಸ್ತ್ರದಲ್ಲಿ ಪದವಿ ಪಡೆದು ಈಗ ನೀರಿನ ಪರೀಕ್ಷಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಬಾಟಲಿಗಳಲ್ಲಿ ಬಂದ ನೀರಿನಲ್ಲಿ ಏನಿದೆ, ಏನಿಲ್ಲ ಎಂದು ಹೇಳುವುದು ಅವಳ ಕೆಲಸ. ಆ ಕೊಳೆ ಯಾರ ತಪ್ಪಿನಿಂದ ಬಂತು, ಅದಕ್ಕೆ ಹೊಣೆ ಯಾರು ಎಂದು ಹೇಳುವುದು ಮಾತ್ರ ಬೇರೆಯವರ ಕೆಲಸ. ಆ ಬೇರೆಯವರು ಅದನ್ನು ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಆ ಮಾತನ್ನು ತಾನೇ ನಿಂತು ಹೇಳಬೇಕೆಂಬ ಆಸೆ ಅವಳನ್ನು ಕಾನೂನಿನ ಕಡೆಗೆ ಎಳೆದಿತ್ತು.

ಮೇಜಿನ ಸುತ್ತಲಿನ ವಾದ ತಂಗಿಯ ಆವಿಷ್ಕಾರ. "ಒಬ್ಬಳೇ ಕೂತು ಓದಿದ್ರೆ ನಾಲ್ಕೂ ಉತ್ತರ ಸರಿ ಅನ್ಸುತ್ತೆ ಕಣೇ" ಎಂದು ಸೂಜಿ ಒಂದು ದಿನ ಪುಸ್ತಕ ಮುಚ್ಚಿದಾಗ, ಕಾಲೇಜು ಓದುತ್ತಿದ್ದ ತಂಗಿ ತಟ್ಟನೆ, "ಹಾಗಿದ್ರೆ ನಾಲ್ಕು ಉತ್ತರಕ್ಕೂ ಒಬ್ಬೊಬ್ಬ ವಕೀಲರನ್ನ ಇಡೋಣ. ಮನೇಲಿ ಬಿಟ್ಟಿ ಬಾಯಿ ನಾಲ್ಕಿದೆ" ಎಂದಿದ್ದಳು. ಕುರ್ಚಿಗಳ ಬೆನ್ನಿಗೆ ಸೀಮೆಸುಣ್ಣದಿಂದ ಎ, ಬಿ, ಸಿ, ಡಿ ಎಂದು ಬರೆದದ್ದೂ ಅವಳೇ. ಯಾರು ಯಾವ ಕುರ್ಚಿಯಲ್ಲಿ ಕುಳಿತರೋ ಅವರು ಆ ಉತ್ತರದ ಪಕ್ಷ ಹಿಡಿಯಬೇಕು. ಮನಸ್ಸಿಗೆ ಒಪ್ಪಲಿ ಬಿಡಲಿ, ತಮ್ಮ ಉತ್ತರವೇ ಸರಿ ಎಂದು ಹಟ ಹಿಡಿದು ವಾದಿಸಬೇಕು. ನಾಲ್ವರ ಮಾತೂ ಮುಗಿದ ಮೇಲೆ ಸೂಜಿ ತೀರ್ಪು ಕೊಡಬೇಕು.

ಒಂದು ಸಂಜೆಯ ಪ್ರಶ್ನೆಯನ್ನು ತಂಗಿ ಹೀಗೆ ಓದಿದಳು: "ಒಂದು ಬೇಕರಿಯ ಬ್ರೆಡ್ಡು ಬೆಳಿಗ್ಗೆ ಉಳಿದೆಲ್ಲ ಬೇಕರಿಗಳಿಗಿಂತ ಬೇಗ ಖಾಲಿಯಾಗುತ್ತದೆ. ಆದ್ದರಿಂದ ಅಲ್ಲಿ ಬ್ರೆಡ್ಡು ಕೊಳ್ಳುವವರ ಸಂಖ್ಯೆ ಉಳಿದೆಡೆಗಿಂತ ಹೆಚ್ಚು. ಈ ವಾದವನ್ನು ದುರ್ಬಲಗೊಳಿಸುವ ಹೇಳಿಕೆ ಯಾವುದು?"

ಎ ಕುರ್ಚಿಯಲ್ಲಿದ್ದ ಅಪ್ಪನ ಪಾಲಿಗೆ ಬಂದದ್ದು, ಆ ಬ್ರೆಡ್ಡಿನ ಬೆಲೆ ಜಾಸ್ತಿ ಎಂಬುದು. ಇಡೀ ದಿನ ಸ್ಟಿಯರಿಂಗ್ ಹಿಡಿದು ಬಂದವನು ಮಾತನ್ನು ಅಳೆದು ಆಡುತ್ತಿದ್ದ. "ಬೆಲೆ ಜಾಸ್ತಿ. ಜನ ಕಡಿಮೆ. ನನ್ನ ವಾದ ಮುಗೀತು" ಎಂದು ನೀರು ಕುಡಿದ.

ಬಿ ಕುರ್ಚಿಯ ಅಮ್ಮ ಆಸ್ಪತ್ರೆಯಲ್ಲಿ ನರ್ಸು. "ನಮ್ಮ ಬೇಕರಿ ಬೇರೆಯವರಿಗಿಂತ ಕಡಿಮೆ ಬ್ರೆಡ್ಡು ಬೇಯಿಸುತ್ತೆ. ಸ್ವಲ್ಪ ಇದ್ರೆ ಬೇಗ ಮುಗಿಯುತ್ತೆ. ಅಷ್ಟೇ ತಾನೇ?" ಎಂದಳು, ಮಾತ್ರೆ ಕೊಟ್ಟು ಮುಂದಿನ ಮಂಚಕ್ಕೆ ಹೋಗುವವಳ ಧಾಟಿಯಲ್ಲಿ.

ತಂಗಿ, ಆ ಗಿರಾಕಿಗಳಲ್ಲಿ ಕೆಲವರು ಬಿಸ್ಕತ್ತನ್ನೂ ಕೊಳ್ಳುತ್ತಾರೆಂಬ ಸಿ ಉತ್ತರವನ್ನು ಹಿಡಿದು ಏನೇನೋ ಒದ್ದಾಡಿ, ನಕ್ಕು ಕೈಬಿಟ್ಟಳು.

ಕೊನೆಗೆ ಡಿ ಕುರ್ಚಿ. ಅಲ್ಲಿ ಕುಳಿತವಳು ಅಜ್ಜಿ: ಅಪ್ಪನ ತಾಯಿ, ನಲವತ್ತು ವರ್ಷ ಬಟ್ಟೆ ಅಂಗಡಿಯ ಕಟ್ಟೆಯ ಹಿಂದೆ ನಿಂತವಳು, ಬಣ್ಣ ಮಾಸಿದ ಥಾನನ್ನು 'ಕಣ್ಣಿಗೆ ತಂಪು' ಎಂದು ಹೊಗಳಿ ಮೊದಲು ಮಾರಿ ಮುಗಿಸಿದವಳು. ಅವಳ ಪಾಲಿನ ಉತ್ತರ, ಜನ ಆ ಬೇಕರಿಗೆ ಹೋಗುವುದು ರುಚಿಗಲ್ಲ, ಅಭ್ಯಾಸದಿಂದ ಎಂಬುದು.

ಅಜ್ಜಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ನೋಡು ಸೂಜಿ, ನಿಮ್ಮಮ್ಮ ಬ್ರೆಡ್ಡು ಎಣಿಸ್ತಾ ಕೂತಿದಾಳೆ. ಬ್ರೆಡ್ಡು ಎಣಿಸಿದ್ರೆ ಮನುಷ್ಯರು ಸಿಗ್ತಾರಾ? ನನ್ನ ಅಂಗಡಿಗೆ ಒಬ್ಬಾಕೆ ಇಪ್ಪತ್ತು ವರ್ಷ ಬಂದ್ಲು. ಎದುರಿನ ಅಂಗಡೀಲಿ ಬಟ್ಟೆ ಚೆನ್ನಾಗಿತ್ತು, ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದ್ರೂ ಕಾಲು ನನ್ನ ಹತ್ರಾನೇ ಎಳ್ಕೊಂಡು ಬರೋದು. ಯಾಕೆ? ಅಭ್ಯಾಸ! ಅಭ್ಯಾಸದ ಮುಂದೆ ಬುದ್ಧಿ ಕುಂಟುತ್ತೆ ಕಣಮ್ಮ. ಇದನ್ನ ಅರ್ಥ ಮಾಡ್ಕೊಳ್ದೇ ಇರೋರು ಯಾವ ವಾದಾನೂ ಅರ್ಥ ಮಾಡ್ಕೊಳ್ಳಲ್ಲ."

ಅಪ್ಪನೂ ತಲೆದೂಗಿದ.

"ಡಿ" ಎಂದಳು ಸೂಜಿ.

"ಬಿ" ಎಂದಳು ತಂಗಿ, ಪುಸ್ತಕದ ಹಿಂಬದಿ ನೋಡಿ. "ಜನ ಎಷ್ಟು ಅನ್ನೋದು ಪ್ರಶ್ನೆ. ಯಾಕೆ ಬರ್ತಾರೆ ಅನ್ನೋದಲ್ಲ."

ಅಮ್ಮ ಎದ್ದು ಹಾಲು ಕಾಯಿಸಲು ಹೋದಳು. ಗೆದ್ದವಳ ನಡಿಗೆ ಅದು.

ಹೀಗೆ ಕೆಲವು ವಾರ ನಡೆಯಿತು. ಪರೀಕ್ಷೆ ಹತ್ತಿರವಾದಂತೆ ಸೂಜಿಯ ಅಂಕ ಏರಬೇಕಿತ್ತು, ಏರಲಿಲ್ಲ. ಒಂದು ರಜೆಯ ಬೆಳಿಗ್ಗೆ ಅಕ್ಕತಂಗಿಯರು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ತಂಗಿ ಒದ್ದೆ ದುಪ್ಪಟಿಯ ಆಚೆಯಿಂದ, "ಅಕ್ಕಾ, ನಿನಗೊಂದು ವಿಷಯ ಹೇಳ್ಲಾ? ಬೈಬಾರ್ದು" ಎಂದಳು.

"ಬೈಯೋ ಹಾಗಿದ್ರೆ ಬೈತೀನಿ. ಹೇಳು."

"ನೀನು ಸರಿ ಉತ್ತರ ಹುಡುಕ್ತಿಲ್ಲ. ಅಜ್ಜೀನ ಹುಡುಕ್ತಿದೀಯ."

ಸೂಜಿಯ ಕೈಯಲ್ಲಿದ್ದ ಕ್ಲಿಪ್ಪು ಅಲ್ಲೇ ನಿಂತಿತು.

"ಅಜ್ಜಿ ಡಿ ಕುರ್ಚೀಲಿ ಕೂರ್ತಿದ್ದಾಗ ನೀನು ತಪ್ಪಿದಾಗೆಲ್ಲ ಡಿ ಅಂತಿದ್ದೆ. ಆಮೇಲೆ ಸೊಂಟ ನೋವು ಅಂತ ಅಜ್ಜಿ ಗೋಡೆ ಪಕ್ಕದ ಎ ಕುರ್ಚಿಗೆ ಬಂದ್ರು. ನಿನ್ನ ತಪ್ಪೂ ಎದ್ದು ಎ ಕುರ್ಚಿಗೆ ಬಂತು."

ವಿಜ್ಞಾನ ಓದಿದವಳು ಒಂದು ಮಾತನ್ನು ಕೇಳಿದ ಮಾತ್ರಕ್ಕೆ ಒಪ್ಪುವುದಿಲ್ಲ, ಆ ಮಾತು ತನ್ನ ವಿರುದ್ಧವಿದ್ದರಂತೂ ಮೊದಲೇ ಇಲ್ಲ. ಮುಂದಿನ ವಾರ ಸೂಜಿ ಅಜ್ಜಿಯನ್ನು ದಿನಕ್ಕೊಂದು ಕುರ್ಚಿಯಲ್ಲಿ ಕೂರಿಸಿದಳು. ಕಾರಣ ಹೇಳಲಿಲ್ಲ. ಅಜ್ಜಿ ಬಿ ಕುರ್ಚಿಗೆ ಹೋದರೆ ತಪ್ಪು ಬಿ. ಸಿ ಕುರ್ಚಿಗೆ ಹೋದರೆ ತಪ್ಪು ಸಿ. ಹಸುವಿನ ಹಿಂದೆ ಕರು ಹೋದಂತೆ ತಪ್ಪುಗಳು ಅಜ್ಜಿಯ ಹಿಂದೆ ಹೋದವು. ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ.

ವಿಷಯ ಮೇಜಿನ ಮೇಲೆ ಬಂದಾಗ ಅಜ್ಜಿಗೆ ಬೇಸರವಾದೀತೆಂದು ಎಲ್ಲರೂ ಅಂದುಕೊಂಡಿದ್ದರು. ಅವಳ ಮುಖ ಅರಳಿಬಿಟ್ಟಿತು. "ಅಂದ್ರೆ ಅಂಗಡಿ ಮುಚ್ಚಿ ಇಷ್ಟು ವರ್ಷ ಆದ್ರೂ ನನ್ನ ಮಾತಿಗೆ ಗಿರಾಕಿ ಇದಾರೆ ಅನ್ನು!"

"ಗಿರಾಕಿ ಮುಳುಗ್ತಿದಾಳೆ ಅತ್ತೆ" ಎಂದಳು ಅಮ್ಮ. "ಪರೀಕ್ಷೆ ಮುಗಿಯೋವರೆಗೆ ನೀವು ಒಳಗೆ ಕೂತು ರೇಡಿಯೋ ಕೇಳಿ. ನಿಮ್ಮ ಜಾಗಕ್ಕೆ ಯಾರನ್ನಾದ್ರೂ ಕೂರಿಸೋಣ."

"ಯಾರನ್ನ? ಗೋಡೆ ಗಡಿಯಾರಾನಾ?" ಎಂದಳು ಅಜ್ಜಿ.

"ಅದು ಕಡೇಪಕ್ಷ ನಿಜ ಹೇಳುತ್ತೆ."

ಅಪ್ಪ ತಾಯಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, ಯಾವ ಪಕ್ಷವನ್ನೂ ಹಿಡಿಯದ ಜಾಣತನದಿಂದ ಲೋಟದೊಳಗೆ ಮುಖ ಇಳಿಸಿದ.

ಬೇಡವೆಂದವಳು ಸೂಜಿ. ಅವಳು ಅಷ್ಟು ಹೊತ್ತು ಯೋಚಿಸುತ್ತಿದ್ದದ್ದು ಬೇರೆಯೇ. "ಅಮ್ಮ, ಪ್ರಶ್ನೆಪತ್ರಿಕೇಲಿ ಸರಿ ಉತ್ತರದ ಪಕ್ಕ ತಪ್ಪು ಉತ್ತರಗಳನ್ನ ಬರೆದಿಡೋರು ಯಾರು ಹೇಳು? ಅವರೆಲ್ಲ ಅಜ್ಜಿಯಂಥವರೇ. ತಪ್ಪು ಉತ್ತರ ಚೆಂದ ಕಾಣ್ಲಿ ಅಂತಾನೇ ಕೂತು ಬರೀತಾರೆ. ಮನೇಲಿ ಅಜ್ಜೀನ ಎಬ್ಬಿಸಿಬಿಟ್ರೆ ಅಲ್ಲಿ ಯಾರನ್ನ ಎಬ್ಬಿಸ್ಲಿ?"

"ಹಾಗಾದ್ರೆ ಏನು ಮಾಡ್ತೀಯ?"

"ಅಜ್ಜಿ ಮಾತಾಡ್ಲಿ. ಅವರು ಮುಗಿಸಿದ ಮೇಲೆ ಅದೇ ಪಕ್ಷಾನ ನಾನು ಅವರಿಗಿಂತ ಚೆನ್ನಾಗಿ ಹೇಳ್ತೀನಿ. ಆಮೇಲೆ ಕಂಬ ಕೀಳ್ತೀನಿ."

ಕಂಬ ಕೀಳುವುದೆಂಬುದು ಅಪ್ಪ ಕೊಟ್ಟ ಹೆಸರು. ಪುಸ್ತಕದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಒಂದು ಹೇಳಿಕೆಯನ್ನು ಸುಳ್ಳೆಂದು ಇಟ್ಟುಕೊಂಡು ನೋಡಬೇಕು. ಆಗ ವಾದ ಕುಸಿದರೆ ಆ ಹೇಳಿಕೆ ವಾದಕ್ಕೆ ಬೇಕೇ ಬೇಕಾದದ್ದು, ಕುಸಿಯದಿದ್ದರೆ ಇದ್ದರೂ ಸರಿ ಇಲ್ಲದಿದ್ದರೂ ಸರಿ. "ಅಂದ್ರೆ ಚಪ್ಪರದ ಕಂಬ ಒಂದೊಂದೇ ಕಿತ್ತು ನೋಡೋದು. ಯಾವುದು ಕಿತ್ರೆ ಚಪ್ಪರ ತಲೆ ಮೇಲೆ ಬೀಳುತ್ತೋ ಅದೇ ಉತ್ತರ" ಎಂದು ಅಪ್ಪ ಒಂದೇ ಮಾತಿನಲ್ಲಿ ಪಾಠ ಮುಗಿಸಿದ್ದ.

ಹೊಸ ನಿಯಮ ಮೊದಮೊದಲು ಸೂಜಿಯನ್ನು ಹಣ್ಣು ಮಾಡಿತು. ಅಜ್ಜಿಗಿಂತ ಚೆನ್ನಾಗಿ ಹೇಳುವುದೆಂದರೆ ಹುಡುಗಾಟವೆ? "ಇಷ್ಟೇನಾ? ಇದನ್ನ ಕೇಳಿ ನಾನು ಒಂದು ಮೊಳ ಬಟ್ಟೆ ಕೂಡ ತಗೊಳ್ಳಲ್ಲ" ಎಂದು ಅಜ್ಜಿ ಮುಖ ತಿರುಗಿಸುತ್ತಿದ್ದಳು. "ನಾಚ್ಕೊಂಡು ಮಾರಿದ್ರೆ ಚಿನ್ನಾನೂ ಹಿತ್ತಾಳೆ ಆಗುತ್ತೆ. ಮತ್ತೆ ಹೇಳು." ಸೂಜಿ ಮತ್ತೆ ಹೇಳುತ್ತಿದ್ದಳು. ಒಂದು ಸಂಗತಿ ಅವಳಿಗೆ ನಿಧಾನವಾಗಿ ಹೊಳೆಯಿತು: ಒಂದು ತಪ್ಪು ವಾದವನ್ನು ಪೂರ್ತಿ ಶ್ರದ್ಧೆಯಿಂದ ಕಟ್ಟಹೊರಟಾಗ ಅದರ ಸಡಿಲ ಕೀಲು ಎಲ್ಲಿದೆಯೆಂದು ಕೈಗೇ ತಿಳಿಯುತ್ತದೆ. ಹೊರಗೆ ನಿಂತು ಕೇಳುವವನಿಗೆ ಅದು ಕಾಣುವುದಿಲ್ಲ.

ಅಭ್ಯಾಸ ಕೆಲಸದ ಜಾಗಕ್ಕೂ ಹಬ್ಬಿತು. ಪರೀಕ್ಷಾಲಯದ ಹಿರಿಯ ರಸಾಯನಜ್ಞರು ಒಂದು ಮಧ್ಯಾಹ್ನ, ಮನೆಗೆ ಬೇಗ ಹೊರಡುವ ತರಾತುರಿಯಲ್ಲಿ, "ಈ ನಲ್ಲಿ ನೀರು ನಿನ್ನೆ ಚೆನ್ನಾಗಿತ್ತು. ಇವತ್ತೂ ಚೆನ್ನಾಗೇ ಇರುತ್ತೆ. ಬರೆದುಬಿಡಮ್ಮ" ಎಂದರು.

"ಸರ್, ಮೊದಲು ನಿಮ್ಮ ಪರವಾಗಿ ಸ್ವಲ್ಪ ಮಾತಾಡ್ಲಾ?"

ಅವರು ಅವಳ ಮುಖವನ್ನೊಮ್ಮೆ ನೋಡಿ ಚೀಲ ಕೆಳಗಿಟ್ಟರು. "ಬೇಡ ತಾಯಿ. ಪರೀಕ್ಷೆ ಮಾಡೇ ಬಿಡೋಣ. ಅದೇ ಬೇಗ ಆಗುತ್ತೆ."

ಪ್ರವೇಶ ಪರೀಕ್ಷೆಯ ದಿನ ಸೂಜಿ ಎದೆಗುಂದದೆ ಹೋಗಿ ಎದೆಗುಂದದೆ ಬಂದಳು. ಇಪ್ಪತ್ತಮೂರನೆಯ ಪ್ರಶ್ನೆಯಲ್ಲಿ ಬಿ ಉತ್ತರ ಅಜ್ಜಿಯ ದನಿಯಲ್ಲೇ ಕರೆಯಿತು. ಅವಳು ಮುಗುಳ್ನಕ್ಕು ಅದರ ಕಂಬ ಕಿತ್ತಳು, ಚಪ್ಪರ ಬೀಳಲಿಲ್ಲ, ಡಿ ಎಂದು ಗುರುತು ಮಾಡಿ ಮುಂದೆ ಹೋದಳು.

ಅಂಕಗಳು ಪ್ರಕಟವಾದ ಸಂಜೆ ಮನೆಯವರೆಲ್ಲ ತಂಗಿಯ ಮೊಬೈಲಿನ ಸುತ್ತ ಬಾಗಿದ್ದರು. ಪ್ರವೇಶಕ್ಕೆ ಬೇಕಾದ ಕನಿಷ್ಠ ಅಂಕವನ್ನು ಕಾಲೇಜು ಪರೀಕ್ಷೆಗೆ ಮೊದಲೇ ಗೊತ್ತುಮಾಡಿತ್ತು. ಇತರರ ಅಂಕ ಏರಿದರೂ ಇಳಿದರೂ ಅದು ಬದಲಾಗುವಂಥದ್ದಲ್ಲ. ಸೂಜಿಗೆ ಬಂದದ್ದು ಅದಕ್ಕಿಂತ ಒಂದೇ ಒಂದು ಅಂಕ ಕಡಿಮೆ.

ತಟ್ಟೆಗಳು ಮೇಜಿನ ಮೇಲೇ ಉಳಿದವು. ಅಮ್ಮ ಮಗಳ ಬೆನ್ನ ಮೇಲೆ ಕೈಯಿಟ್ಟಳು. ಬಾಯಿ ತೆರೆದವನು ಅಪ್ಪ.

"ಎಲ್ಲಿ ಹೋಯ್ತು ಆ ಒಂದು?"

ಸರಿಯುತ್ತರಗಳೂ ಪ್ರಕಟವಾಗಿದ್ದವು. ಸೂಜಿ ತನ್ನ ಉತ್ತರಗಳನ್ನು ಒಂದೊಂದಾಗಿ ಹೋಲಿಸಿದಳು. ತಪ್ಪಿದ್ದವುಗಳನ್ನು ತಪ್ಪೆಂದು ಒಪ್ಪಿಕೊಂಡಳು; ಒಂದನ್ನು ಬಿಟ್ಟು. "ಇಪ್ಪತ್ತಮೂರು. ಇವರು ಬಿ ಅಂತಾರೆ."

"ನೀನು?"

"ಡಿ."

"ಹಾಗಾದ್ರೆ ಮೇಜು ಒರೆಸ್ರಿ" ಎಂದಳು ಅಜ್ಜಿ, ಬಿ ಕುರ್ಚಿಯನ್ನು ಎಳೆದುಕೊಳ್ಳುತ್ತ.

ತಂಗಿ ಪ್ರಶ್ನೆಯನ್ನು ಓದಿದಳು. ಒಂದು ಈಜುಕೊಳದಲ್ಲಿ ಟೋಪಿ ಧರಿಸಿಯೇ ನೀರಿಗಿಳಿಯಬೇಕೆಂದು ಫಲಕ ಹಾಕಿದರು. ನೀರಿನಲ್ಲಿ ಕೂದಲಿದೆಯೆಂಬ ದೂರುಗಳು ಆ ತಿಂಗಳು ಅರ್ಧಕ್ಕಿಳಿದವು. ಆದ್ದರಿಂದ ಫಲಕದ ದೆಸೆಯಿಂದ ನೀರಿನಲ್ಲಿ ಕೂದಲು ಕಡಿಮೆಯಾಯಿತು. ಈ ವಾದ ನಿಲ್ಲಲು ಯಾವುದನ್ನು ನಿಜವೆಂದು ನಂಬಲೇಬೇಕು? ಎ: ಟೋಪಿಯ ಬೆಲೆ ಕಡಿಮೆ. ಬಿ: ಫಲಕ ಹಾಕಿದ ಮೇಲೆ ಈಜಿದವರಲ್ಲಿ ಹೆಚ್ಚಿನವರು ಟೋಪಿ ಧರಿಸಿದರು. ಸಿ: ಬೇರೆ ಬಗೆಯ ದೂರುಗಳು ಬರಲಿಲ್ಲ. ಡಿ: ದೂರುಗಳು ಇಳಿದದ್ದು, ಕೂದಲು ಕಂಡವರು ದೂರು ಕೊಡುವುದನ್ನೇ ನಿಲ್ಲಿಸಿದರೆಂಬ ಒಂದೇ ಕಾರಣದಿಂದ ಅಲ್ಲ.

ಎ, ಸಿ ಉತ್ತರಗಳ ಪರವಾಗಿ ಆ ಸಂಜೆ ಯಾರೂ ಉಸಿರು ದಂಡ ಮಾಡಲಿಲ್ಲ.

"ಟೋಪಿ ಹಾಕ್ದೇ ಇದ್ರೆ ಕೂದಲು ಹೇಗೆ ಕಮ್ಮಿ ಆಗುತ್ತೆ?" ಎಂದಳು ಅಜ್ಜಿ. "ಗಾಳಿಗೆ ಹಾರಿಹೋಯ್ತಾ?"

"ಸ್ವಲ್ಪ ಜನ ಹಾಕಿದ್ರೂ ಸಾಕಾಗಬಹುದು ಅಜ್ಜಿ."

"ಬಹುದು ಅನ್ನೋದು ವಾದ ಅಲ್ಲ, ಹಾರೈಕೆ. ಯಾರು ಆ ಸ್ವಲ್ಪ ಜನ? ಹೆಸರು ಹಿಡಿದು ಹೇಳು."

ಸೂಜಿ ತಡವರಿಸಿದಳು. ಅಜ್ಜಿ ಬಿಡಲಿಲ್ಲ, ಮೂರು ಸಲ ಕೇಳಿದಳು. ಕೊನೆಗೆ ಸೂಜಿಯ ಕಣ್ಣು ಅಮ್ಮನ ಮೊಣಕಾಲು ಮುಟ್ಟುವ ಜಡೆಯ ಮೇಲೆ ನಿಂತಿತು. "ಉದ್ದ ಕೂದಲಿನವರು! ಅವರಷ್ಟೇ ಟೋಪಿ ಹಾಕ್ಲಿ. ಅವರು ನಾಲ್ಕು ಜನ ಇರಲಿ, ಉಳಿದ ನಲವತ್ತು ಜನ ಹಾಕದೇ ಇರಲಿ. ಹೆಚ್ಚಿನವರು ಹಾಕಿಲ್ಲ. ಆದ್ರೂ ಕೂದಲು ಕಮ್ಮಿ ಆಯ್ತು, ಫಲಕದಿಂದಾನೇ ಆಯ್ತು. ಬಿ ಕಂಬ ಕಿತ್ತೆ. ಚಪ್ಪರ ನಿಂತಿದೆ."

ಅಜ್ಜಿ ಉತ್ತರಕ್ಕಾಗಿ ಛಾವಣಿ ನೋಡಿದಳು, ಕಿಟಕಿ ನೋಡಿದಳು, ಕೊನೆಗೆ ಕನ್ನಡಕ ಹಾಕಿಕೊಂಡಳು. "ನನ್ನ ಹತ್ರ ಸರಕು ಮುಗೀತು. ಹೋಗಿ ಅವರಿಗೆ ಹೇಳು."

"ಆಕ್ಷೇಪಣೆ ಸಲ್ಲಿಸಿದವರು ಸಮಿತಿಯ ಮುಂದೆ ನಿಂತು ವಾದಿಸಬೇಕು ಅಂತಿದೆ ಅಕ್ಕಾ" ಎಂದಳು ತಂಗಿ, ಮೊಬೈಲಿನಲ್ಲಿ ಓದುತ್ತ. "ಜೊತೆಗೆ ಒಬ್ಬರು ಬರಬಹುದಂತೆ."

ಯಾರು ಬರುತ್ತಾರೆಂದು ಯಾರೂ ಕೇಳಲಿಲ್ಲ. ಅಜ್ಜಿ ಆಗಲೇ ಯಾವ ಚಪ್ಪಲಿ ಮೆಟ್ಟಬೇಕೆಂದು ಯೋಚಿಸುತ್ತಿದ್ದಳು.

ವಿಚಾರಣೆ ನಡೆದದ್ದು ಕಾಲೇಜಿನ ಮೊದಲ ಮಹಡಿಯ ಕೋಣೆಯಲ್ಲಿ. ಉದ್ದನೆಯ ಮೇಜಿನ ಆಚೆ ಮೂವರು: ನಡುವೆ ಸಮಿತಿಯ ಅಧ್ಯಕ್ಷೆ, ಬಲಕ್ಕೆ ಆ ಪ್ರಶ್ನೆಯನ್ನು ರಚಿಸಿದ ಪ್ರಾಧ್ಯಾಪಕರು, ಎಡಕ್ಕೆ ತರ್ಕಶಾಸ್ತ್ರ ಕಲಿಸಿ ನಿವೃತ್ತರಾದ, ಕಡ್ಡಿಯಂತೆ ತೆಳ್ಳಗಿದ್ದ ಹಿರಿಯ ಸದಸ್ಯರು.

"ಇವರು ಯಾರು?" ಎಂದರು ಅಧ್ಯಕ್ಷೆ.

"ನನ್ನ ಅಜ್ಜಿ, ಮೇಡಂ."

"ಕೂತ್ಕೊಳ್ಳಿ ಅಮ್ಮ. ಆದ್ರೆ ನೀವು ಮಾತಾಡೋ ಹಾಗಿಲ್ಲ."

ನಲವತ್ತು ವರ್ಷದಲ್ಲಿ ಯಾರೂ ವಿಧಿಸದ ಶಿಕ್ಷೆ ಅದು. ಅಜ್ಜಿ ಗೋಡೆಯ ಬದಿಯ ಕುರ್ಚಿಯಲ್ಲಿ ಕುಳಿತು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಿಮ್ಮ ಆಕ್ಷೇಪಣೆ ಹೇಳಿ."

ಸೂಜಿ ಎದ್ದು ನಿಂತಳು. "ಮೇಡಂ, ಮೊದಲು ಬಿ ಪರವಾಗಿ ಮಾತಾಡೋಕೆ ಅನುಮತಿ ಬೇಕು."

ಪ್ರಾಧ್ಯಾಪಕರು ತಲೆ ಎತ್ತಿದರು. "ನೀವು ಬಿ ವಿರುದ್ಧ ಅಲ್ವಾ ಬಂದಿರೋದು?"

"ಹೌದು ಸರ್. ಅದಕ್ಕೇ."

ಅಧ್ಯಕ್ಷೆ ಪೆನ್ನು ಕೆಳಗಿಟ್ಟು, ಆಗಲಿ ಎಂಬಂತೆ ಕೈ ತೋರಿಸಿದರು. ಸೂಜಿ ಶುರು ಮಾಡಿದಳು. ಫಲಕವೆಂಬುದು ಗೋಡೆಗೆ ಹೊಡೆದ ಹಲಗೆ. ಅದು ತಾನೇ ನೀರಿಗಿಳಿದು ಕೂದಲು ಆಯುವುದಿಲ್ಲ. ಫಲಕಕ್ಕೂ ಕೊಳದ ನೀರಿಗೂ ನಡುವೆ ಮನುಷ್ಯರ ತಲೆ ಇದೆ, ತಲೆಯ ಮೇಲೆ ಟೋಪಿ ಇದೆ. ಆ ಟೋಪಿಯೇ ಸೇತುವೆ. ಒಬ್ಬಿಬ್ಬರು ಧರಿಸಿದರೆ ಸೇತುವೆ ಅರ್ಧಕ್ಕೆ ನಿಲ್ಲುತ್ತದೆ. ಹೆಚ್ಚಿನವರು ಧರಿಸಿದರೆ ಮಾತ್ರ ದಡ ಮುಟ್ಟುತ್ತದೆ. ದೂರು ಇಳಿದದ್ದು ಅಲ್ಪಸ್ವಲ್ಪವಲ್ಲ, ಅರ್ಧಕ್ಕರ್ಧ. ಇಷ್ಟು ದೊಡ್ಡ ಫಲಕ್ಕೆ ಅಷ್ಟೇ ದೊಡ್ಡ ಕಾರಣ ಬೇಡವೆ? ಹೀಗೆ ಅವಳು ಸಂಕೋಚವಿಲ್ಲದೆ, ಬಟ್ಟೆಯ ಥಾನನ್ನು ಕಟ್ಟೆಯ ಮೇಲೆ ಬಿಚ್ಚಿ ಹರಡುವಂತೆ, ಬಿ ಉತ್ತರವನ್ನು ಹರಡಿದಳು.

"ನಾನು ಇಷ್ಟು ಚೆನ್ನಾಗಿ ಹೇಳ್ತಿರಲಿಲ್ಲ" ಎಂದರು ಪ್ರಾಧ್ಯಾಪಕರು. ಅವರಿಗೆ ಸಂತೋಷವಾಗಿತ್ತು, ಸ್ವಲ್ಪ ಅನುಮಾನವೂ ಆಗಿತ್ತು.

"ಈಗ ಈ ಕಂಬ ಕೀಳ್ತೀನಿ ಸರ್, ಅಂದ್ರೆ ಇದನ್ನ ಸುಳ್ಳು ಅಂತ ಇಟ್ಕೊಳ್ತೀನಿ. ಹೆಚ್ಚಿನವರು ಟೋಪಿ ಹಾಕಲಿಲ್ಲ. ಕೊಳದಲ್ಲಿ ಉದ್ದ ಕೂದಲಿನವರು ನಾಲ್ಕು ಜನ. ಫಲಕ ಓದಿ ಅವರು ನಾಲ್ವರೂ ಹಾಕಿದ್ರು. ಉದುರ್ತಿದ್ದ ಕೂದಲು ಬಹುಪಾಲು ಅವರದ್ದೇ. ಈಗ ಫಲಕದಿಂದ ಕೂದಲು ಕಡಿಮೆ ಆಯ್ತು. ವಾದ ಹಾಗೇ ನಿಂತಿದೆ, ಬಿ ಸುಳ್ಳಾಗಿದೆ. ಅಂದ್ರೆ ವಾದಕ್ಕೆ ಬಿ ಸಹಾಯ ಮಾಡುತ್ತೆ, ಅಷ್ಟೇ. ಬೇಕೇ ಬೇಕು ಅಂತಿಲ್ಲ. ಪ್ರಶ್ನೆ ಕೇಳಿದ್ದು ಬೇಕೇ ಬೇಕಾದ್ದನ್ನ."

ಪ್ರಾಧ್ಯಾಪಕರು ಮುಂದಕ್ಕೆ ಬಾಗಿದರು. "ಇದು ನಿಮ್ಮ ಅನುಕೂಲಕ್ಕೆ ಕಟ್ಟಿದ ಕೊಳ ಅಮ್ಮ. ನಾಲ್ಕೇ ಜನರ ಕೂದಲು ಉದುರೋದು, ಉಳಿದವರದ್ದು ಉದುರದೇ ಇರೋದು, ಇಂಥ ಕೊಳ ಎಲ್ಲಿದೆ? ಸಾಮಾನ್ಯವಾಗಿ ಈಜೋಕೆ ಬರೋ ಪ್ರತಿಯೊಬ್ಬರ ತಲೇಲೂ ಕೂದಲು ಇದ್ದೇ..."

ಅವರ ಮಾತು ಅಲ್ಲಿಗೆ ನಿಂತಿತು. ಕಿಟಕಿಯ ಬೆಳಕು ಅವರ ತಲೆಯ ಮೇಲೆ ನೇರವಾಗಿ ಬೀಳುತ್ತಿತ್ತು. ತೊಳೆದ ಪಿಂಗಾಣಿ ಬಟ್ಟಲಿನಂತೆ ಅದು ಹೊಳೆಯುತ್ತಿತ್ತು. ಸೂಜಿ ಒಳಗೆ ಬಂದ ಕ್ಷಣದಲ್ಲೇ ಅದನ್ನು ಗಮನಿಸಿದ್ದಳು. ಏನೇ ಆಗಲಿ ಅದನ್ನು ಉದಾಹರಣೆಯಾಗಿ ಬಳಸಬಾರದೆಂದು ಆಗಲೇ ನಿಶ್ಚಯಿಸಿದ್ದಳು. ಈಗ ಅವಳು ಮೇಜಿನ ಮೇಲಿದ್ದ ನೀರಿನ ಹೂಜಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ಹಿಂದಿನಿಂದ, ಸೆರಗಿನೊಳಗೆ ಏನೋ ಸಿಡಿದಂಥ ಸಣ್ಣ ಸದ್ದು ಬಂತು.

ಪ್ರಾಧ್ಯಾಪಕರ ಕೈ ತಾನಾಗಿ ಮೇಲೆ ಹೋಗಿ ನೆತ್ತಿಯನ್ನು ಸವರಿತು. "ನಾನು ವಾರಕ್ಕೆರಡು ಸಲ ಈಜೋಕೆ ಹೋಗ್ತೀನಿ" ಎಂದರು ನಿಧಾನವಾಗಿ. "ನನ್ನ ಜೊತೆ ಬರೋ ಗೆಳೆಯರೂ... ಎಲ್ಲ ನನ್ನ ಹಾಗೇ."

"ನೀವು ಟೋಪಿ ಹಾಕ್ತೀರಾ?" ಎಂದರು ಅಧ್ಯಕ್ಷೆ, ಬಹಳ ಕಷ್ಟಪಟ್ಟು ಗಂಭೀರವಾಗಿ.

"ಯಾಕೆ ಹಾಕ್ಲಿ ಮೇಡಂ!" ಎಂದವರೇ ಪ್ರಾಧ್ಯಾಪಕರು ಗಹಗಹಿಸಿ ನಕ್ಕುಬಿಟ್ಟರು. ಅದು ಸೋತವರ ನಗೆಯಲ್ಲ, ಕಳೆದುಹೋದ ಬೀಗದ ಕೈ ತನ್ನ ಜೇಬಿನಲ್ಲೇ ಸಿಕ್ಕವರ ನಗೆ. "ಬಿ ಬಿತ್ತು. ನಾನೇ ಬೀಳಿಸಿದೆ."

"ಬಿ ಬಿದ್ದ ಮಾತ್ರಕ್ಕೆ ಡಿ ನಿಂತ ಹಾಗಾಗಲ್ಲ." ಆವರೆಗೆ ಬಾಯಿ ತೆರೆಯದಿದ್ದ ಹಿರಿಯ ಸದಸ್ಯರ ದನಿ ತಣ್ಣಗಿತ್ತು. ನಗೆ ಕೋಣೆಯಿಂದ ಹೊರಟುಹೋಯಿತು. "ಡಿ ಸುಳ್ಳು ಅಂತಿಟ್ಕೊಳ್ಳೋಣ. ದೂರು ಇಳಿದದ್ದು ಜನ ದೂರು ಕೊಡೋದನ್ನ ನಿಲ್ಲಿಸಿದ್ರಿಂದಲೇ. ಆದ್ರೂ ಆ ತಿಂಗಳು ಫಲಕದಿಂದಾನೇ ಕೂದಲು ನಿಜವಾಗಿ ಕಡಿಮೆ ಆಗಿರಬಹುದಲ್ಲ? ಆಗ ತೀರ್ಮಾನ ನಿಜ. ಡಿ ಸುಳ್ಳು. ನಿಮ್ಮ ಕಂಬಾನೂ ಕಿತ್ತಾಯ್ತು, ಏನೂ ಬೀಳಲಿಲ್ಲ."

ಮನೆಯ ಮೇಜಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸೂಜಿ ತಿರುಗಿ ಅಜ್ಜಿಯನ್ನು ನೋಡಬೇಕೆಂದುಕೊಂಡಳು, ನೋಡಲಿಲ್ಲ. ಒಂದು ಗುಟುಕು ನೀರು ಕುಡಿದಳು. ಎದುರಾಳಿಯ ಮಾತನ್ನು ಮೊದಲು ತನ್ನದೆಂದು ಹೊತ್ತುಕೊಂಡು ನೋಡಿದಳು. ತೀರ್ಮಾನ ನಿಜವಾಗಿರಬಹುದು: ಅದು ಸರಿ, ಪೂರ್ತಿ ಸರಿ. ಹಾಗಾದರೆ ಸಡಿಲ ಕೀಲು ಅದರ ಮುಂದಿನ ಹೆಜ್ಜೆಯಲ್ಲಿದೆ.

"ನೀವು ಹೇಳಿದ್ದು ನಿಜ ಸರ್. ಕೂದಲು ಕಡಿಮೆ ಆಗಿರಬಹುದು" ಎಂದಳು. "ನಾನು ನೀರಿನ ಪರೀಕ್ಷಾಲಯದಲ್ಲಿ ಕೆಲಸ ಮಾಡ್ತೀನಿ. ಮುಚ್ಚಳ ಒಡೆದ ಬಾಟಲಿ ಬಂದ್ರೆ ಅದನ್ನ ಪಕ್ಕಕ್ಕಿಡ್ತೀವಿ. ಆ ಊರಿನ ನೀರು ಶುದ್ಧವಾಗಿರಬಹುದು. ಆದ್ರೆ ಆ ಬಾಟಲಿ ಇಟ್ಕೊಂಡು ಶುದ್ಧ ಅಂತ ಹೇಳೋಕಾಗಲ್ಲ. ಇಲ್ಲೂ ಅಷ್ಟೇ. ಕೂದಲು ಕಡಿಮೆ ಆಯ್ತು ಅನ್ನೋಕೆ ಈ ವಾದದ ಕೈಲಿರೋದು ದೂರುಗಳು ಮಾತ್ರ. ಜನ ಸುಮ್ಮನಾಗಿದ್ದೇ ದೂರು ಇಳಿಯೋಕೆ ಕಾರಣ ಆದ್ರೆ, ದೂರು ಕೂದಲಿನ ಬಗ್ಗೆ ಏನೂ ಹೇಳ್ತಿಲ್ಲ. ತೀರ್ಮಾನ ನಿಜ ಇರಬಹುದು ಸರ್, ಆದ್ರೆ ಈ ವಾದ ಅದನ್ನ ಹೊತ್ತಿಲ್ಲ. ಬಿ ಕಿತ್ತಾಗ ವಾದ ಇನ್ನೂ ಹೊತ್ತಿತ್ತು. ಡಿ ಕಿತ್ರೆ ಕೈ ಖಾಲಿ."

ಹಿರಿಯ ಸದಸ್ಯರು ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಅವರು ಸೂಜಿಯನ್ನಲ್ಲ, ಪ್ರಾಧ್ಯಾಪಕರನ್ನು ನೋಡಿದರು. "ಬೇರೆ ಏನಾದ್ರೂ ಕೇಳೋದಿದೆಯಾ?"

"ಇಲ್ಲ. ನನಗೂ ಡಿ ಸರಿ ಅನ್ಸುತ್ತೆ."

"ನನ್ನದೊಂದಿದೆ" ಎಂದರು ಅಧ್ಯಕ್ಷೆ. "ಇದನ್ನ ಒಪ್ಪಿದ್ರೆ ಬಿ ಗುರುತು ಮಾಡಿದವರಿಗೆಲ್ಲ ಒಂದು ಅಂಕ ಹೋಗುತ್ತೆ. ಅದನ್ನ ಯೋಚನೆ ಮಾಡಿದ್ರಾ?"

"ಮಾಡಿದ್ದೀನಿ ಮೇಡಂ. ಅವರು ಯಾರೂ ಇಲ್ಲಿಲ್ಲ. ಅವರ ಕಡೆಯಿಂದ ಹೇಳೋರು ಒಬ್ಬರಾದ್ರೂ ಬೇಕಲ್ಲ. ಅದಕ್ಕೇ ಬಿ ಪರವಾಗಿ ಮೊದಲು ನಾನೇ ಮಾತಾಡಿದೆ."

ಅಧ್ಯಕ್ಷೆ ಅವಳನ್ನು ಒಂದು ಕ್ಷಣ ನೋಡಿದರು. ಆಮೇಲೆ ಮೂವರೂ ತಲೆ ಸೇರಿಸಿ ಪಿಸುಮಾತಿನಲ್ಲಿ ಚರ್ಚಿಸಿದರು. ಹಿರಿಯ ಸದಸ್ಯರು ಎರಡು ಸಲ ಬೆರಳಿನಿಂದ ಮೇಜು ಕುಟ್ಟಿದರು. ಪ್ರಾಧ್ಯಾಪಕರು ಒಂದು ಸಲ ಮತ್ತೆ ನೆತ್ತಿ ಸವರಿಕೊಂಡರು. ಗೋಡೆಯ ಬದಿಯಲ್ಲಿ ಅಜ್ಜಿ ಸೆರಗು ಬಿಟ್ಟು ನೆಟ್ಟಗೆ ಕುಳಿತಿದ್ದಳು. ಸೂಜಿ ನಿಂತೇ ಇದ್ದಳು.

ಅಧ್ಯಕ್ಷೆ ಬರೆದು ಮುಗಿಸಿ, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಓದಿದರು:

"ಇಪ್ಪತ್ತಮೂರನೆಯ ಪ್ರಶ್ನೆಗೆ ಪ್ರಕಟಿಸಿದ ಉತ್ತರ ಬಿ ತಪ್ಪು, ಸರಿಯಾದ ಉತ್ತರ ಡಿ. ಆಕ್ಷೇಪಣೆಯನ್ನು ಸಮಿತಿ ಸರ್ವಾನುಮತದಿಂದ ಎತ್ತಿಹಿಡಿದಿದೆ. ಅರ್ಜಿದಾರರು ಕನಿಷ್ಠ ಅಂಕವನ್ನು ಗಳಿಸಿದ್ದಾರೆ; ಪ್ರವೇಶಕ್ಕೆ ಅರ್ಹರು."